ಬೀದಿ ಸೀನಿನ ಮೂರನೇ ಮನೆ

ಪಾವಗಡದ ಕಾಲೇಜಿಗೆ ಈಚೆಗೆ ಅಧ್ಯಾಪಕಿಯಾಗಿ ಸೇರಿದ ನನ್ನ ತಂಗಿಯ ಮಗಳು ಮೊನ್ನೆ ಮನೆಗೆ ಬಂದಿದ್ದಳು. ಎಲ್ಲ ಬಗೆಯ ಮಕ್ಕಳೂ ಕಾಲೇಜಿಗೆ ಬಂದು ನಿಲ್ಲುವಂತೆ ನೋಡಿಕೊಳ್ಳಲು ಅಲ್ಲೊಂದು ಸಮಿತಿ ಮಾಡಿದ್ದಾರಂತೆ. ಹೊಸಬಳೆಂದು ಇವಳನ್ನೇ ಅದಕ್ಕೆ ಹಾಕಿದ್ದಾರಂತೆ.

“ದೊಡ್ಡಮ್ಮ, ನಿಮ್ಮ ಕಾಲದಲ್ಲಿ ಇದನ್ನೆಲ್ಲ ಹೇಗೆ ಮಾಡ್ತಿದ್ರಿ?” ಎಂದು ಕೇಳಿದಳು.

“ನಮ್ಮ ಕಾಲದಲ್ಲಿ ಇದಕ್ಕೆ ಹೆಸರಿರಲಿಲ್ಲ” ಎಂದೆ. ಅದು ಉತ್ತರವಲ್ಲ ಎಂಬುದು ಅವಳ ಮುಖದಲ್ಲೇ ಕಂಡಿತು. ಉತ್ತರ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಒಂದು ಪರದೆಯ ವಿಷಯ. ಅದನ್ನಾದರೂ ಬರೆದಿಡೋಣ ಎಂದು ಕೂತಿದ್ದೇನೆ. ಅವಳಂಥ ಹೊಸಬರಿಗೆ ಉಪಯೋಗವಾಗುತ್ತದೋ ತಲೆ ಕೆಡಿಸುತ್ತದೋ ಹೇಳಲಾರೆ.

ಒಂದು ಎಚ್ಚರಿಕೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆ ವರ್ಷಗಳ ಡೈರಿಗಳು ನನ್ನ ಬಳಿ ಇವೆ, ನಿಜ. ಆದರೆ ಅವುಗಳಲ್ಲಿ ಆಯಾ ದಿನ ನನಗೆ ದೊಡ್ಡದಾಗಿ ಕಂಡದ್ದು ಮಾತ್ರ ಇದೆ. ಬಸ್ಸು ತಡವಾದದ್ದು, ಸಾರಿಗೆ ಉಪ್ಪು ಜಾಸ್ತಿಯಾದದ್ದು, ಯಾರೋ ನನ್ನ ಸೀರೆ ಚೆನ್ನಾಗಿದೆ ಎಂದದ್ದು. ಪರದೆ ಬೇಕೆಂದು ಮೊದಲು ಬಾಯಿ ಬಿಟ್ಟವರು ಯಾರು ಎಂಬುದು ಎಲ್ಲೂ ಇಲ್ಲ.

ನಾನು ಹೊಳವನಹಳ್ಳಿಯವಳು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಎಪ್ಪತ್ತರ ದಶಕದ ಕೊನೆಗೆ ಶಿರಾದಲ್ಲಿ ಆಗತಾನೆ ಶುರುವಾಗಿದ್ದ ಒಂದು ಕಾಲೇಜಿಗೆ ಸೇರಿದೆ. ಹಂಚಿನ ಮಾಡಿನ ಉದ್ದನೆಯ ಎರಡು ಕಟ್ಟಡ, ನಡುವೆ ಒಂದು ಹುಣಸೆಮರ, ಅಷ್ಟೇ ಕಾಲೇಜು. ಅಧ್ಯಾಪಕರಲ್ಲಿ ಹೆಂಗಸು ನಾನೊಬ್ಬಳೇ. ಪ್ರಿನ್ಸಿಪಾಲರು ಮೈಸೂರು ಕಡೆಯವರು, ಇಸ್ತ್ರಿ ಮಾಡಿದ ಕರ್ಚೀಫಿನಂಥ ಮನುಷ್ಯ. ಮೊದಲ ದಿನವೇ ನನ್ನನ್ನು ಕರೆದು, “ನೋಡಿ ಅಮ್ಮ, ಹುಡುಗೀರಿಲ್ಲದ ಕಾಲೇಜು ಅಂದ್ರೆ ಅಡುಗೆಮನೆ ಇಲ್ಲದ ಮನೆ ಇದ್ದ ಹಾಗೆ. ಅವರನ್ನ ಕರ್ಕೊಂಡು ಬರೋದು ನಿಮ್ಮ ಜವಾಬ್ದಾರಿ” ಎಂದರು. ಆ ಹೋಲಿಕೆ ನನಗೆ ಚುಚ್ಚಿತು. ಕೆಲಸ ಮಾತ್ರ ಇಷ್ಟವಾಯಿತು. ಎರಡನ್ನೂ ನುಂಗಿಕೊಂಡು ಹೊರಟೆ.

ಮೊದಲು ಹೋದದ್ದು ಮಧುಗಿರಿ ರಸ್ತೆಯಲ್ಲಿ ಬಸ್ಸಿಳಿದು ಒಳಗೆ ನಡೆದರೆ ಸಿಗುವ ಒಂದು ಗೊಲ್ಲರಹಟ್ಟಿಗೆ. ಅಲ್ಲಿ ಈರಕ್ಕ ಎಂಬ ಹುಡುಗಿ ಪಿಯುಸಿ ಪಾಸಾಗಿ ಮನೆಯಲ್ಲಿ ಕೂತಿದ್ದಾಳೆಂದು ಕೇಳಿದ್ದೆ. ಭಾಷಣವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಹೋದವಳು, ಮುಳ್ಳುಬೇಲಿ ದಾಟಿ ದೇವರ ಗುಡಿಸಲ ಮುಂದೆ ಚಪ್ಪಲಿ ಹಾಕಿಕೊಂಡೇ ನಿಂತುಬಿಟ್ಟೆ. ಈರಕ್ಕನ ತಾತ ಕೋಲು ಎತ್ತಿಕೊಂಡು ಬಂದರು.

“ನಿಲ್ಲಮ್ಮ ನಿಲ್ಲು! ಮೆಟ್ಟು ಮೆಟ್ಕಂಡೇ ದೇವ್ರತಾವ ಬತ್ತೀಯಲ್ಲ, ನೀನ್ ಓದಿದ್ದು ಕಣ್ಣಿಗೋ ಕಾಲಿಗೋ?”

“ಓಗ್ಲಿ ಬುಡು ತಾತ, ಮೇಡಮ್ನೋರು ಹೊಸಬ್ರು” ಎಂದು ಒಳಗಿನಿಂದ ಒಂದು ಹುಡುಗಿ ನಗುತ್ತ ಬಂದಳು. ಅವಳೇ ಈರಕ್ಕ.

ಚಪ್ಪಲಿಯನ್ನು ಬೇಲಿಯಾಚೆ ಇಟ್ಟು ಬಂದೆ. ಬಾಯಿಪಾಠ ಮಾಡಿದ ಭಾಷಣ ಮರೆತುಹೋಗಿತ್ತು. ಅದು ಬೇಕಾಗಲೂ ಇಲ್ಲ. “ಕರ್ಕಂಡೋಗು ತಾಯಿ. ಕುರಿ ಕಾಯಾಕ್ ಬುಟ್ರೆ ಬರೀ ಪುಸ್ತಕ ನೋಡ್ತಾ ಕುಂತಿರ್ತಾಳೆ. ಕುರಿಗೋಳು ಕಂಡೋರ್ ಹೊಲಕ್ ಬಿದ್ದು ನಂಗೆ ಬೈಗುಳ” ಎಂದರು ತಾತ. ನಾನು ಮನವೊಲಿಸಿದೆ ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ನಿಜಕ್ಕೂ ಒಲಿಸಿದ್ದು ಕುರಿಗಳು.

ಎರಡನೆಯ ಮನೆ ಶಿರಾ ಪೇಟೆಯ ಒಂದು ಗಲ್ಲಿಯಲ್ಲಿ. ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವ ಬಾಷಾ ಸಾಬರ ಮನೆ. ಮುಂದೆ ತಿದಿ, ಕೆಂಡ, ಅಂಗಡಿ, ಹಿಂದೆ ವಾಸ. ಅವರ ಮಗಳು ನೂರ್ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಬಾಷಾ ಸಾಬರು ನೇರ ಮನುಷ್ಯ. “ನೋಡಿ ಮೇಡಂ, ನಮ್ಮ ಖಾಂದಾನಲ್ಲಿ ಗಂಡಸ್ರೂ ಡಿಗ್ರಿ ಮಾಡಿಲ್ಲ. ಹಿರಿಯೂರಿಂದ ಒಂದು ಸಂಬಂಧ ಬಂದಿದೆ. ಹುಡುಗಿ ಓದ್ತಿದ್ದಾಳೆ ಅಂದ್ರೆ ಕಾಯ್ತಾರೆ. ಓದು ನಿಂತ್ರೆ ಮಾರನೇ ದಿನ ನಿಕಾಹ್. ಇವಳಿಗೆ ಓದಿ ಮೇಷ್ಟ್ರಾಗ್ಬೇಕು ಅಂತ ಆಸೆ. ನೀವು ಮೂರು ವರ್ಷ ಇವಳನ್ನ ಅಲ್ಲಿ ಉಳಿಸ್ಕೊಳ್ತೀರಾ ಅಂದ್ರೆ ಕಳಿಸ್ತೀನಿ.”

ಉಳಿಸಿಕೊಳ್ಳುತ್ತೇನೆ ಎಂದೆ. ಒಳಬಾಗಿಲ ಪರದೆಯ ಹಿಂದಿನಿಂದ ಅವರ ತಾಯಿ, ಹುಡುಗಿಯ ಅಜ್ಜಿ, ಉರ್ದುವಿನಲ್ಲಿ ಏನೋ ಕೇಳಿದರು. “ಹುಡುಗರೂ ಅದೇ ರೂಮಲ್ಲಿ ಇರ್ತಾರಾ ಅಂತ ಅಮ್ಮಾಜಾನ್ ಕೇಳ್ತಿದ್ದಾರೆ” ಎಂದರು ಬಾಷಾ ಸಾಬರು. ಹೌದು ಎಂದೆ. ಆಮೇಲೆ ಪರದೆಯ ಮಾತು ಬಂತು: ತರಗತಿಯಲ್ಲಿ ಹುಡುಗರಿಗೂ ಹುಡುಗಿಯರಿಗೂ ನಡುವೆ ಒಂದು ಪರದೆ. ಅದನ್ನು ಆಡಿದ್ದು ಯಾರ ದನಿ? ಬಹಳ ಕಾಲ ಅದು ಅಜ್ಜಿಯದೇ ಎಂದು ನಂಬಿದ್ದೆ. ಡೈರಿ ತೆಗೆದರೆ ಒಂದೇ ಸಾಲು ಇದೆ: “ಪರದೆಗೆ ಒಪ್ಪಿಗೆಯಾಯಿತು.” ಒಪ್ಪಿದವರು ಯಾರು, ಕೇಳಿದವರು ಯಾರು?

ಪ್ರಿನ್ಸಿಪಾಲರು “ತಾತ್ಕಾಲಿಕವಾಗಿ” ಎಂದು ಒಪ್ಪಿದರು. ಆದರೆ ತರಗತಿಯ ಉದ್ದಕ್ಕೂ ಸಾಲುವಷ್ಟು ದೊಡ್ಡ ಬಟ್ಟೆ ಎಲ್ಲಿಂದ ತರುವುದು? ನಮ್ಮ ಜವಾನ ಮಧುಗಿರಿಯ ಸೀನ್ ರಂಗಪ್ಪನವರ ಹೆಸರು ಹೇಳಿದ. ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ವೇಷಭೂಷಣ, ಬಣ್ಣ ಬರೆದ ಪರದೆಗಳನ್ನು ಬಾಡಿಗೆಗೆ ಕೊಡುತ್ತಿದ್ದವರು ಅವರು. ವಿಷಯ ಕೇಳಿ ರಂಗಪ್ಪನವರಿಗೆ ಖುಷಿಯೋ ಖುಷಿ.

“ಯಾವ ಸೀನ್ ಬೇಕು ಮೇಡಮ್ಮ? ದರ್ಬಾರ್ ಸೀನ್ ಹೊಸ್ದು, ಕೊಡಾಕಿಲ್ಲ. ಕಾಡ್ ಸೀನ್ ಇಲಿ ತಿಂದೈತೆ. ಬೀದಿ ಸೀನ್ ಐತೆ, ತಗಂಡೋಗಿ. ನಂಗೆ ನಾಟಕ ಬಂದಾಗ ವಾಪಸ್ ಕೊಟ್ಬುಡ್ಬೇಕು ಅಷ್ಟೇಯ.”

ಹೀಗೆ ನಮ್ಮ ಬಿ.ಎ. ತರಗತಿಯ ನಡುವೆ ಒಂದು ಬೀದಿ ಬಂದು ನಿಂತಿತು. ಕರಿಹಲಗೆಯ ಮುಂದೆ ನಾನು ನಿಂತರೆ ಎರಡೂ ಕಡೆ ಕಾಣುತ್ತಿತ್ತು. ಹುಡುಗರ ಕಡೆಗೆ ಚಿತ್ರ: ಎರಡು ಅಂತಸ್ತಿನ ಹಳದಿ ಮನೆಗಳು, ಮುಚ್ಚಿದ ನೀಲಿ ಬಾಗಿಲುಗಳು, ಒಂದು ದೀಪದ ಕಂಬ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹುಡುಗಿಯರ ಕಡೆಗೆ ತೇಪೆ ಹಾಕಿದ ಗೋಣಿಯಂಥ ಬೆನ್ನು.

ಮೊದಲ ದಿನ ಈರಕ್ಕನಿಗೆ ಸಿಟ್ಟು ಬಂತು. “ನಮ್ ಹಟ್ಟೀಲೇ ಬೇಲಿ ಐತೆ. ಬೇಲಿ ದಾಟಿ ಬಂದ್ರೆ ಇಲ್ಲೂ ಬೇಲೀನಾ ಮೇಡಂ?” ಎಂದಳು. ನೂರ್ ಉಳಿಯಬೇಕಲ್ಲ ಎಂದು ತಡವರಿಸಿದೆ. “ಹಂಗಾರೆ ಸರಿ, ಇವ್ಳ ಪಕ್ಕ ನಾನ್ ಕುಂತ್ಕಂತೀನಿ” ಎಂದು ಕೂತಳು. ಉಳಿದ ಕೆಲವು ಹುಡುಗಿಯರೂ ಅವಳ ಹಿಂದೆ ಹೋಗಿ ಕೂತರು.

ಆಮೇಲೆ ಆದದ್ದನ್ನು ನಾನು ಎಣಿಸಿರಲಿಲ್ಲ. ಪರದೆಯ ಹಿಂದಿನವರು ಮಾತನಾಡತೊಡಗಿದರು. ನಾನು ಓದಿದ ಕಾಲೇಜುಗಳಲ್ಲಿ ನಾವು ಹುಡುಗಿಯರು ತಲೆ ತಗ್ಗಿಸಿ ಬರೆದುಕೊಂಡು ಹೋಗುತ್ತಿದ್ದೆವು. ಪ್ರಶ್ನೆ ಕೇಳಿದರೆ ಇಡೀ ತರಗತಿ ತಿರುಗಿ ನೋಡುತ್ತದೆಂಬ ಭಯ. ಇಲ್ಲಿ ತಿರುಗಿ ನೋಡಿದರೆ ಕಾಣುವುದು ಹಳದಿ ಗೋಡೆ. ಅದರಲ್ಲೂ ನೂರ್! ಮನೆಯಲ್ಲಿ ಅಪ್ಪನ ಹಿಂದೆ ನಿಂತು ಪಿಸುಗುಟ್ಟುತ್ತಿದ್ದ ಹುಡುಗಿ ಇವಳೇನಾ ಎನಿಸುತ್ತಿತ್ತು. ಒಂದು ದಿನ ಪಾಠದ ನಡುವೆ ಹುಡುಗರ ಹಿಂದಿನ ಬೆಂಚಿನಲ್ಲಿ ಗುಸುಗುಸು ನಡೆದಿತ್ತು. ಪರದೆಯ ಹಿಂದಿನಿಂದ ದನಿ ಬಂತು:

“ಕಡ್ಲೆಕಾಯಿ ಮಂಡಿಯವರೇ, ವ್ಯಾಪಾರ ಮುಗಿದಿದ್ರೆ ಸ್ವಲ್ಪ ಪಾಠ ಕೇಳ್ತೀರಾ?”

ಮಂಜಣ್ಣ ಎಂಬವನಿಗೆ ಬಿದ್ದ ಏಟು ಅದು. ಅವನ ಅಪ್ಪನದು ಪೇಟೆಯಲ್ಲಿ ಕಡಲೆಕಾಯಿ ಮಂಡಿ. ತರಗತಿಗೆ ತರಗತಿಯೇ ನಕ್ಕಿತು. ಮಂಜಣ್ಣ ಎದ್ದು ಪರದೆಗೆ ಕೈಮುಗಿದು, “ಯಾವ್ ಮನೇವ್ರಮ್ಮ ನೀವು ಮಾತಾಡಿದ್ದು?” ಎಂದ. ನಂತರ ದನಿ ಬಂದ ಕಡೆಯವರೆಗೆ ಚಿತ್ರದ ಮನೆಗಳನ್ನು ಎಣಿಸಿ ನೋಡಿ, “ಮೂರ್ನೇ ಮನೇವ್ರಾ? ಬಾಗ್ಲು ತೆಗೀರಮ್ಮ, ತಪ್ಪಾಯ್ತು” ಎಂದ. ಅಂದಿನಿಂದ ನೂರ್‌ಗೆ ಹುಡುಗರ ಬಾಯಲ್ಲಿ ಮೂರನೇ ಮನೆ ಎಂದೇ ಹೆಸರು. “ಮೂರ್ನೇ ಮನೇವ್ರು ಏನಂತಾರೆ?” ಎಂದು ಕೇಳದೆ ಯಾವ ಚರ್ಚೆಯೂ ಮುಗಿಯುತ್ತಿರಲಿಲ್ಲ. ಹುಡುಗಿಯರು ಬರುವುದೂ ಹೋಗುವುದೂ ಹಿಂಬಾಗಿಲಿನಿಂದ, ಬುರ್ಖಾ ತೊಟ್ಟವಳೂ ಒಬ್ಬಳೇ ಅಲ್ಲ, ಅವರ ಹಾಜರಿಯನ್ನು ಹೆಸರು ಕೂಗದೆ ನೋಡಿಯೇ ಹಾಕಿಕೊಳ್ಳುತ್ತಿದ್ದೆ. ಆದ್ದರಿಂದ ದನಿ ಯಾರದೆಂದು ಹುಡುಗರಿಗೆ ಗೊತ್ತಿಲ್ಲ ಎಂದು ನಾನು ತಿಳಿದಿದ್ದೆ.

ನನಗೆ ಹಿಗ್ಗು. ಪರದೆ ಹಾಕಿ ತಪ್ಪು ಮಾಡಿದೆನೇ ಎಂದು ಕೊರಗುತ್ತಿದ್ದವಳು, ಇಂಥ ಪರದೆ ಪ್ರತಿ ಕಾಲೇಜಿಗೂ ಬೇಕು ಎಂದುಕೊಳ್ಳತೊಡಗಿದೆ. ಆ ಹಿಗ್ಗಿಗೆ ಮೊದಲ ಪೆಟ್ಟು ಕೊಟ್ಟವನು ಓಬುಳೇಸು.

ಅವನು ಪಾವಗಡದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯ ಹುಡುಗ. ಮನೆಮಾತು ತೆಲುಗು. ಶಿರಾದ ಹಾಸ್ಟೆಲಿನಲ್ಲಿದ್ದ. ಓದಿನಲ್ಲಿ ಚುರುಕು, ಆದರೆ ಬಾಯಿ ಬಿಟ್ಟರೆ ಅರ್ಧ ತೆಲುಗು ಬಂದು ಹುಡುಗರೆಲ್ಲ ನಗುತ್ತಿದ್ದರು. ಒಂದು ದಿನ ಹುಣಸೆಮರದ ಕೆಳಗೆ ನನ್ನನ್ನು ತಡೆದು ನಿಲ್ಲಿಸಿದ.

“ಮೇಡಂ, ನನ್ನೂ ಪರದೆ ಆ ಕಡೆ ಕೂರಿಸಿ.”

“ಏನಪ್ಪಾ, ತಮಾಷೆನಾ?”

“ಕಾದು, ತಮಾಷೆ ಅಲ್ಲ ಮೇಡಂ, ನಿಜಂಗಾ. ಅಲ್ಲಿ ಕೂತ್ರೆ ಯಾರು ಮಾತಾಡಿದ್ದು ಅಂತ ಇವರಿಗೆ ಕಾಣಲ್ಲ ಕದಾ. ನನಗೂ ಕೇಳಕ್ಕೆ ಪ್ರಶ್ನೆ ಇದಾವೆ.”

ಹುಡುಗಿಯರಿಗೆ ಒಂದು ಪರದೆ ಹಾಕಿದೆವು. ಭಾಷೆಗೆ ಒಂದು, ಬಡತನಕ್ಕೆ ಒಂದು ಎಂದು ಹಾಕುತ್ತ ಹೋದರೆ ತರಗತಿಯೆಲ್ಲ ಬೀದಿ ಸೀನು ಆಗುವುದಿಲ್ಲವೇ? ಹಾಕದಿದ್ದರೆ ಇವನಿಗೆ ಅನ್ಯಾಯವಲ್ಲವೇ? ನಾನು ಮಾಡಿದ್ದಿಷ್ಟೇ: ಅವನನ್ನು ಮುಂದಿನ ಬೆಂಚಿನ ತುದಿಯಲ್ಲಿ, ಪರದೆಯ ಅಂಚಿಗೆ ಕೂರಿಸಿದೆ. ಅವನು ಎರಡೂ ಕಡೆಗೆ ಸೇರದವನಾದ. ಪ್ರಶ್ನೆ ಕೇಳಲಿಲ್ಲ.

ಅವನ ದನಿ ತರಗತಿಯಲ್ಲಿ ಗಟ್ಟಿಯಾಗಿ ಮೊದಲು ಕೇಳಿದ್ದು ವಿಶ್ವವಿದ್ಯಾಲಯದವರು ತಪಾಸಣೆಗೆ ಬಂದ ದಿನ. ಪರದೆ ಬಿಚ್ಚಿಸುವುದನ್ನು ಪ್ರಿನ್ಸಿಪಾಲರು ಮರೆತಿದ್ದರು. ಬಂದವರಲ್ಲಿ ಒಬ್ಬರು ಹಿರಿಯ ಹೆಂಗಸು ಬಾಗಿಲಲ್ಲೇ ನಿಂತು, “ಇದೇನ್ರೀ ಇದು?” ಎಂದರು.

“ನಾಟಕದ ತಾಲೀಮು ಮೇಡಂ” ಎಂದರು ಪ್ರಿನ್ಸಿಪಾಲರು, ರೆಪ್ಪೆ ಬಡಿಯದೆ.

“ಯಾವ ನಾಟಕ?”

ಪ್ರಿನ್ಸಿಪಾಲರು ನನ್ನನ್ನು ನೋಡಿದರು. ನಾನು ಹುಡುಗರನ್ನು ನೋಡಿದೆ. ಇದ್ದಕ್ಕಿದ್ದಂತೆ ಓಬುಳೇಸು ಎದ್ದು, ಒಂದು ಕೈ ಕಿವಿಯ ಮೇಲಿಟ್ಟು, ತನ್ನ ಊರಿನ ನಾಟಕದ ತೆಲುಗು ಪದ್ಯವೊಂದನ್ನು ಎತ್ತರದ ಶ್ರುತಿಯಲ್ಲಿ ಹಾಡಿಬಿಟ್ಟ. ಹೊರಗೆ ಜವಾನ ಬೀಡಿ ಬಿಸಾಡಿ ಬಂದು ನಿಂತ. ಹಾಡು ಮುಗಿದಾಗ ಎರಡೂ ಕಡೆಯಿಂದ ಚಪ್ಪಾಳೆ. ಬಂದ ಹೆಂಗಸು ಮುಗುಳ್ನಕ್ಕು ಮುಂದಿನ ಕೋಣೆಗೆ ಹೋದರು. ಅವರು ನಂಬಿದರೋ ಕರುಣೆ ತೋರಿದರೋ ತಿಳಿಯದು. ಮಾರನೇ ದಿನ ಹಾಜರಿಗೆ ಓಬುಳೇಸು ಇದ್ದೇನೆ ಎನ್ನುವ ಬದಲು “ಉನ್ನಾನು” ಎಂದಾಗ ಎಲ್ಲರೂ ಮತ್ತೆ ನಕ್ಕರು. ಪದ್ಯಕ್ಕೆ ಚಪ್ಪಾಳೆ, ಮಾತಿಗೆ ನಗು. ಇದೂ ನನಗೆ ಅರ್ಥವಾಗಲಿಲ್ಲ.

ಕೊನೆಯ ವರ್ಷ, ಪರೀಕ್ಷೆಗೆ ಕೆಲವೇ ತಿಂಗಳಿರುವಾಗ, ರಂಗಪ್ಪನವರು ಗಾಡಿ ಕಟ್ಟಿಕೊಂಡು ಬಂದರು. “ಇಷ್ಟ್ ದಿನ ದರ್ಬಾರ್ ಸೀನಲ್ಲೇ ತಳ್ಬುಟ್ಟೆ, ಈಗ ಕೊರಟಗೆರೆ ಕಡೆ ನಾಟಕ ಒಪ್ಕಂಡಿವ್ನಿ ಮೇಡಮ್ಮ. ಬೀದಿ ಸೀನಿಲ್ದೆ ಕೃಷ್ಣ ಎಲ್ ನಡ್ಕಂಡ್ ಬರಾನೆ?” ಮಾತು ಕೊಟ್ಟಿದ್ದೆವು, ಪರದೆ ಹೋಯಿತು. ಬೇರೆ ಬಟ್ಟೆ ಹುಡುಕೋಣವೆಂದರೆ ಪ್ರಿನ್ಸಿಪಾಲರು ಒಪ್ಪಲಿಲ್ಲ. “ಪೀಡೆ ಕಳೀತು, ಬಿಡಿ” ಎಂದರು.

ಮಾರನೇ ದಿನ ಹುಡುಗಿಯರು ಹಿಂಬಾಗಿಲಿಗೆ ಬಂದರು. ಒಳಗೆ ಎಲ್ಲರ ಮುಖಗಳೂ ಎಲ್ಲರಿಗೂ ಕಾಣುತ್ತಿದ್ದವು. ಬೇರೆಯವರು ತಡವರಿಸುತ್ತ ಬಂದು ಕೂತರು. ನೂರ್ ಹೊಸ್ತಿಲಲ್ಲಿ ನಿಂತು ನೋಡಿ, ತಿರುಗಿ ಮನೆಗೆ ಹೋದಳು. ಮಾರನೇ ದಿನವೂ ಬರಲಿಲ್ಲ. ನನಗೆ ನಿಕಾಹ್‌ಗೆ ಕಾದಿದ್ದ ಹಿರಿಯೂರಿನವರು ನೆನಪಾದರು. ಈರಕ್ಕನನ್ನು ಕರೆದುಕೊಂಡು ಗಲ್ಲಿಗೆ ಓಡಿದೆ.

ಬಾಷಾ ಸಾಬರು ತಿದಿ ನಿಲ್ಲಿಸಿದರು. ನಾನು ನಿಂತಲ್ಲೇ ಕ್ಷಮೆ ಕೇಳಿದೆ: ಪರದೆ ನಮ್ಮ ಕೈಯಲ್ಲಿಲ್ಲ, ಹೇಗಾದರೂ ಇನ್ನೊಂದು ಹೊಂದಿಸುತ್ತೇನೆ, ಅಮ್ಮಾಜಾನ್ ಸಿಟ್ಟಾಗಬಾರದು ಎಂದೆ. ಒಳಬಾಗಿಲ ಪರದೆ ಸರಿಯಿತು. ಅಜ್ಜಿ ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ತುಮೀಚ್ ಬಾಂಧೇ, ತುಮೀಚ್ ಖೋಲೇ” ಎಂದರು. ಕಟ್ಟಿದವರೂ ನೀವೇ, ಬಿಚ್ಚಿದವರೂ ನೀವೇ.

“ಅಲ್ಲ, ನೀವು ಕೇಳಿದ್ದಕ್ಕೇ ಅಲ್ಲವಾ…” ಎಂದೆ.

ಬಾಷಾ ಸಾಬರು ಅಚ್ಚರಿಯಿಂದ ನೋಡಿದರು. “ನಾವೆಲ್ಲಿ ಕೇಳಿದ್ವಿ ಮೇಡಂ? ಹುಡುಗ್ರು ಇರೋ ಕಡೆ ಇವಳೊಬ್ಳೇ ಆಗ್ಬಾರ್ದು, ಪಕ್ಕದಲ್ಲಿ ಇನ್ನೊಂದು ಹುಡುಗಿ ಇರ್ಬೇಕು, ಅಮ್ಮಾಜಾನ್ ಮನಸ್ಸಲ್ಲಿ ಇದ್ದಿದ್ದು ಅಷ್ಟು. ಈರಕ್ಕ ಇದ್ದಾಳಲ್ಲ. ಪರದೆ ಅಂದಿದ್ದು ನೀವು. ಕಾಲೇಜಿನ ಕಾನೂನೇ ಹಂಗೇನೋ ಅಂದ್ಕೊಂಡ್ವಿ.”

ಮೂರು ವರ್ಷ ನಾವು ಅವರ ಸಂಪ್ರದಾಯವೆಂದು ಕಟ್ಟಿದ್ದನ್ನು ಅವರು ನಮ್ಮ ಕಾನೂನೆಂದು ಸಹಿಸಿದ್ದರೇ? ಅಥವಾ ಮೇಡಂಗೆ ಬೇಜಾರಾಗದಿರಲಿ ಎಂದು ಈಗ ಹೀಗೆ ಹೇಳುತ್ತಿದ್ದಾರೆಯೇ? ಪಕ್ಕದಲ್ಲಿದ್ದ ಈರಕ್ಕನನ್ನು ಕೇಳಿದರೆ, “ಯಾರೂ ಅಲ್ಲ ಮೇಡಂ, ಅದು ಪ್ರಿನ್ಸಿಪಾಲ್ರುದೇ ಐಡಿಯಾ ಅಂದ್ಕಂಡಿದ್ನಲ್ಲ” ಎಂದಳು.

“ಹಾಗಾದರೆ ನೂರ್ ಯಾಕೆ ವಾಪಸ್ ಬಂದಳು?” ಎಂದು ಕೇಳಿದೆ.

ನೂರ್ ಅಜ್ಜಿಯ ಹಿಂದಿನಿಂದ ಮುಂದೆ ಬಂದಳು. “ಹೆಂಗೆ ಬರ್ಲಿ ಮೇಡಂ? ಪರದೆ ಹಿಂದೆ ಕೂತು ಯಾರ್ಯಾರಿಗೆ ಏನೇನು ಅಂದಿದ್ದೀನಿ! ಮಂಜಣ್ಣಂಗೆ ಕಡ್ಲೆಕಾಯಿ ಮಂಡಿ ಅಂದಿದ್ದೀನಿ. ಪ್ರಿನ್ಸಿಪಾಲ್ರು ಬೋರ್ಡ್ ಕಡೆ ತಿರುಗಿದಾಗ ಎಲ್ಲರಿಗೂ ಕೇಳೋ ಹಂಗೆ ಆಕಳಿಸಿದ್ದೀನಿ. ಈಗ ಹೋಗಿ ಆ ಮುಖಗಳ ಎದ್ರಿಗೆ ಕೂತ್ಕೊಳ್ಳೋದಾ?”

“ಬುರ್ಖಾ ಇದೆಯಲ್ಲಮ್ಮ.”

“ದನಿಗೆ ಎಲ್ಲಿಂದ ತರ್ಲಿ ಬುರ್ಖಾ? ಬಾಯಿ ಬಿಟ್ರೆ ಇವಳೇ ಮೂರನೇ ಮನೆ ಅಂತ ಗೊತ್ತಾಗೋಗುತ್ತೆ.”

ಈರಕ್ಕ ಸೊಂಟದ ಮೇಲೆ ಕೈಯಿಟ್ಟಳು. “ಅಷ್ಟೇನಾ? ಆ ಮನೆ ನಂದು ಅಂತ ಹೇಳ್ತೀನಿ ಬುಡು. ನೀನ್ ಬಾಯ್ ಮುಚ್ಕಂಡ್ ಬಂದು ಕುಂತ್ಕ. ಪರೀಕ್ಷೆ ಬರ್ದು ಓಗಾದ್ ನೋಡು.”

ಹಾಗೆಯೇ ಮಾಡಿದಳು. ಮರುದಿನ ತರಗತಿ ಶುರುವಾಗುವ ಮೊದಲು ಹುಡುಗರ ಬೆಂಚಿನ ಮುಂದೆ ಹೋಗಿ ನಿಂತಳು. “ಲೇ ಮಂಜಣ್ಣ, ಮೂರ್ನೇ ಮನೆ ಯಾರ್ದು ಅಂತಿದ್ಯಲ್ಲ, ನಂದೇ ಕಣ್ಲಾ. ಲೆಕ್ಕ ಗಿಕ್ಕ ಇದ್ರೆ ನನ್ ತಾವ ತೀರುಸ್ಕ.”

ಮಂಜಣ್ಣ ಕಣ್ಣು ಕಿರಿದು ಮಾಡಿದ. “ಆ ಮನೇವ್ರು ಶಿರಾ ಪೇಟೆ ಮಾತು ಆಡ್ತಿದ್ರಲ್ಲಕ್ಕ?”

“ಪರದೆ ಹಿಂದ್ಕೆ ಓದ್ರೆ ನಂಗೂ ಬತ್ತದೆ” ಎಂದಳು ಈರಕ್ಕ.

ನೂರ್ ಬಂದು ಕೂತಳು. ಬಾಯಿ ಬಿಡಲಿಲ್ಲ. ಹಾಜರಿಗೂ ಕೈ ಎತ್ತುತ್ತಿದ್ದಳು, ಅಷ್ಟೇ. ಹುಡುಗಿ ತರಗತಿಯ ಒಳಗಿದ್ದಳು, ಪದವಿಯೂ ಉಳಿಯಿತು, ಆದರೆ ನಾನು ಕಾದಿದ್ದ ದನಿ ಇರಲಿಲ್ಲ. ಯಾವುದನ್ನು ಗೆದ್ದೆ, ಯಾವುದನ್ನು ಸೋತೆ ಎಂದು ಆ ದಿನಗಳಲ್ಲಿ ಬಹಳ ಯೋಚಿಸಿರಬೇಕು. ಡೈರಿಯಲ್ಲಿ ಮಾತ್ರ ಬರೀ ಪಾಠದ ಭಾಗಗಳ ಹೆಸರಿದೆ.

ಪರೀಕ್ಷೆಗೆ ಮುಂಚಿನ ಕೊನೆಕೊನೆಯ ಪಾಠ. ಮೊಗಲರ ಸುಬೇದಾರರು ಶಿರಾದಿಂದ ಆಳಿದ ಕಾಲದ ಬಗ್ಗೆ ಹೇಳುತ್ತಿದ್ದೆ. ಓಬುಳೇಸು ಎದ್ದು ನಿಂತ. ಅವನು ತಾನಾಗಿ ಎದ್ದದ್ದು ಆ ಹಾಡಿನ ದಿನ ಬಿಟ್ಟರೆ ಅಂದೇ.

“ಮೇಡಂ, ಸುಬೇದಾರ್ಲು ಇಲ್ಲಿ ಕೂತಿದ್ದಪ್ಪುಡು, ನಮ್ಮ ಪಾವಗಡ ಬೆಟ್ಟದ ಕೆಳಗಿನೋಳ್ಳು ಕಂದಾಯ ಯಾರಿಗೆ ಕಟ್ತಾ ಉಂಡಿರಿ? ಪಾಳೆಗಾರಂಗಾ, ಇವರಿಗಾ?”

ಎಂದಿನ ನಗು ಎದ್ದಿತು. ಆಗ ಹುಡುಗಿಯರ ಬೆಂಚಿನಿಂದ ದನಿ ಬಂತು.

“ನಗ್ತೀರಲ್ಲ, ಅವನು ಕೇಳಿದ್ದಕ್ಕೆ ಉತ್ತರ ಗೊತ್ತಾ ನಿಮಗೆ ಒಬ್ಬರಿಗಾದ್ರೂ?”

ನಗು ನಿಂತಿತು. ಎಲ್ಲರೂ ತಿರುಗಿದರು. ನಡುವೆ ಹಳದಿ ಗೋಡೆ ಇರಲಿಲ್ಲ. ನೂರ್ ಬಾಯಿಗೆ ಕೈ ಅಡ್ಡ ಹಿಡಿದಳು. ಈರಕ್ಕ ಧಡಕ್ಕನೆ ಎದ್ದು, “ನಾನ್ ಕಣ್ಲಾ ಅಂದಿದ್ದು” ಎಂದಳು.

“ಸಾಕ್ ಕುಂತ್ಕಳಕ್ಕ” ಎಂದ ಮಂಜಣ್ಣ. “ನಮ್ ಮಂಡಿ ಎದ್ರುಗೇ ಬಾಷಾ ಸಾಬ್ರ ಅಂಗಡಿ. ಇವ್ರ ದನಿ ಚಿಕ್ಕೋನಾಗಿದ್ದಾಗಿಂದ ಕೇಳಿವ್ನಿ. ಮೊದಲ್ನೇ ದಿನಾನೇ ಗೊತ್ತು, ನಮ್ಗೆಲ್ಲಾ ಗೊತ್ತು.”

“ಗೊತ್ತಿದ್ದೂ ಯಾಕೋ ಸುಮ್ಮನಿದ್ರಿ?” ಎಂದು ಕೇಳಿದವಳು ನಾನು.

“ಗೊತ್ತು ಅಂದ್ರೆ ಅವ್ರು ಮಾತಾಡಾದೇ ನಿಲ್ಲುಸ್ಬುಟ್ರೆ, ಮೇಡಂ?”

ನೂರ್ ಕೈ ಇಳಿಸಿದಳು. “ಹಂಗಾದ್ರೆ ಇಷ್ಟು ತಿಂಗಳು ನಾನು ಬಾಯಿ ಮುಚ್ಕೊಂಡಿದ್ದು ದಂಡವಾ!” ಎಂದಳು. ತರಗತಿ ಮತ್ತೆ ನಕ್ಕಿತು, ಈ ಸಲ ಅವಳೂ ಸೇರಿ. ಆಮೇಲೆ ಅವಳು ಮಂಜಣ್ಣನಿಗೆ, ಮಂಜಣ್ಣ ಅವಳಿಗೆ, ಈರಕ್ಕ ಇಬ್ಬರಿಗೂ ಮೂರು ವರ್ಷದ ಬಾಕಿ ಮಾತನ್ನೆಲ್ಲ ಹೇಳಿದರು. ನಾನು ತಡೆಯಲಿಲ್ಲ. ನನಗೆ ಅಳು ಬರುತ್ತಿತ್ತು. ಯಾವ ಕಾರಣಕ್ಕೆಂದು ಆಗಲೂ ತಿಳಿಯಲಿಲ್ಲ.

ನೂರ್ ಪದವಿ ಪಡೆದಳು, ಮೇಷ್ಟ್ರಾದಳು; ಹಿರಿಯೂರಿನವರು ಅಲ್ಲಿಯವರೆಗೂ ಕಾದರು. ಈ ಕತೆ ಕೇಳಿದ ತಂಗಿಯ ಮಗಳು, “ಹಾಗಾದ್ರೆ ದೊಡ್ಡಮ್ಮ, ಪರದೆ ಹಾಕಿದ್ದು ಸರಿನಾ ತಪ್ಪಾ?” ಎಂದಳು. ಅದಿಲ್ಲದಿದ್ದರೆ ನೂರ್ ಮಾತು ಕಲಿಯುತ್ತಿದ್ದಳೇ ಎನಿಸುತ್ತದೆ. ಯಾರೂ ಕೇಳದಿದ್ದದ್ದನ್ನು ಕಟ್ಟುವ ಅಧಿಕಾರ ಯಾರು ಕೊಟ್ಟರು ಎಂದೂ ಎನಿಸುತ್ತದೆ.

ಆದರೆ ಆ ದಿನವನ್ನು ನೆನೆದಾಗಲೆಲ್ಲ ಕಣ್ಣ ಮುಂದೆ ಬರುವುದು ನೂರ್ ಅಲ್ಲ. ಗಂಟೆ ಹೊಡೆಯಿತು, ಎಲ್ಲರೂ ಗಲಗಲ ಮಾತನಾಡುತ್ತ ಎದ್ದರು. ಮುಂದಿನ ಬೆಂಚಿನ ತುದಿಯಲ್ಲಿ, ಪರದೆ ಇದ್ದ ಜಾಗದ ಪಕ್ಕದಲ್ಲಿ, ಓಬುಳೇಸು ಇನ್ನೂ ನಿಂತೇ ಇದ್ದ. ಅವನು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.